ಅಂಪೈರ್ ಅಣ್ಣ, ಮೈಕಿನ ತಮ್ಮ

ಬರ್ರಿ, ಇಲ್ಲೇ ಕಟ್ಟಿ ಮ್ಯಾಲೆ ಕೂಡ್ರಿ. ಕಾಲು ಚಾಚ್ರಿ, ನನಗೇನು ಅವಮಾನ ಆಗಂಗಿಲ್ಲ. ಎಲಿ ಅಡಿಕಿ ಬೇಕಂದ್ರ ಚಂಚಿ ಬಾಜೂಕ ಐತಿ. ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ, ಆದ್ರ ಕ್ರಿಕೆಟ್ ಸುದ್ದಿ ನನ್ನ ಕೇಳ್ರಿ. ಒಂದ ಮನ್ಯಾಗ ಗಂಡ ಅಂಪೈರ್, ಮೈದುನ ಆಟಗಾರ ಆದ್ರ ಇಂಥಾವು ತಾವಾಗೇ ಆಗಕೋತ ಹೊಂಡತಾವ. ನಾವೇನು ಕರದಿರಂಗಿಲ್ಲ.

ಬಾಣಲಿಗೆ ಬಿದ್ದ ಚೆಂಡು

ನನ್ನ ಮೈದುನ ಮಸ್ಕಿ ತಂಡಕ್ಕ ಬ್ಯಾಟ್ ಹಿಡಿತಿದ್ದ. ಬಾಳ ಶೋಕಿ. ಕೊರಳಾಗ ಕೆಂಪು ವಸ್ತ್ರ, ಕಣ್ಣಾಗ ಕಾಡಿಗಿ, ಕಿಸೆದಾಗ ಹಣಿಗಿ. ಒಂದೊಂದು ಚೆಂಡಿಗೂ ಮೊದಲು ತಲಿ ಬಾಚ್ಕೋಬೇಕು, ಅಲ್ಲಿತನಕ ಬೌಲರ್ ಕಾಯಬೇಕು. ಹೊಡಿಯೂಕಿಂತ ಮುಂಚೇನ ಹೇಳತಿದ್ದ, ಇದು ಗಿರಣಿ ತಗಡಿಗೆ ಅಂತ. ಮೈದಾನದ ಬಾಜೂಕಿನ ಆ ತಗಡು ಢಣ್ ಅಂತಿತ್ತು. ಗಿರಣಿಗೆ ಜ್ವಾಳ ಬೀಸಾಕ ಹೋದ ನಾವು ಹೆಂಗಸರು ಆ ಸಪ್ಪಳದ ಮ್ಯಾಲೇ ಅಂವಾ ಇನ್ನಾ ಔಟ್ ಆಗಿಲ್ಲ ಅಂತ ತಿಳಕೋತಿದ್ವಿ.

ಒಮ್ಮಿ ಮುದಗಲ್‌ದಾಗ ಪಂದ್ಯ. ಮಿರ್ಚಿ ಕರಿಯೂ ಹೆಣ್ಮಗಳೊಬ್ಬಾಕಿ ಗಿಡದ ನೆಳ್ಳು ಚಲೋ ಐತಂತ ಮೈದಾನದ ಗೆರಿ ಒಳಗ ಒಲಿ ಹೂಡಿದ್ಲು. ಇಂವಾ ಎತ್ತಿದ ಚೆಂಡು ಹೋಗಿ ಆಕಿ ಬಾಣಲ್ಯಾಗ ಬಿತ್ತು. ಫೀಲ್ಡರ್ ಓಡಿ ಬಂದು ಕುದಿಯೂ ಎಣ್ಣಿ ನೋಡಿ ನಿಂತ. ಎಣ್ಣ್ಯಾಗಿಂದ ತಗಿಯಾಕ ಝಾರಾ ಕೊಡು ಅಂದ್ರ ಆಕಿ ಕೊಡವಲ್ಲಳು, ಮೊದಲು ನನ್ನ ಮಿರ್ಚಿ ತಗೀತೀನಿ, ಆಮ್ಯಾಲೆ ನಿಮ್ಮ ಚೆಂಡು ಅಂದ್ಲು. ಇತ್ತ ಮೈದುನ ಓಡಾಕತ್ತಾನ, ಓಡಾಕತ್ತಾನ. ಕಡೀಗೆ ದಣದು ಪಿಚ್ಚಿನ ನಡುವ ಕುಂತುಬಿಟ್ಟ. ಎಷ್ಟು ರನ್ ಕೊಡೂದಂತ ಎರಡೂ ತಂಡ ಜಗಳಕ್ಕ ನಿಂತ್ವು.

ಅಂಪೈರ್ ನಮ್ಮ ಮನಿಯವರು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಕಡೆ ಅವರ ಮಾತಂದ್ರ ಮಾತು. ಸಾವಕಾಶ ನಡಕೋತ ಹೋಗಿ ಬಾಣಲ್ಯಾಗ ಬಗ್ಗಿ ನೋಡಿ ಫೈಸಲಾ ಕೊಟ್ರು:

"ಎಣ್ಣಿಗೆ ಬೀಳೂತನಕ ಅದು ಚೆಂಡು. ಬಿದ್ದ ಮ್ಯಾಲೆ ಬಜ್ಜಿ. ಬಜ್ಜಿಗೆ ರನ್ ಇಲ್ಲ."

ಉಪ್ಪಿನ ಡಬ್ಬಿ

ಇಂಥಾ ಅಣ್ಣ ತಮ್ಮ ಒಂದಿನ ಮಾತು ಬಿಟ್ರು. ಲಿಂಗಸುಗೂರಿನಾಗ ಫೈನಲ್, ಕೊನಿ ಚೆಂಡು, ಎರಡು ರನ್ ಬೇಕು, ಸಮ ಆದ್ರ ಕಪ್ಪು ಲಿಂಗಸುಗೂರಿನವರಿಗೆ. ಎರಡನೇ ರನ್ನಿಗೆ ಮೈದುನ ಹಾರಿ ಬಿದ್ದ. ಅಷ್ಟರಾಗ ಸ್ಟಂಪ್ ಉರುಳಿದ್ವು. ಮನಿಯವರು ಬೆರಳು ಎತ್ತಿದ್ರು.

ಇಂವಾ ಧೂಳಾಗ ಬಿದ್ದಲ್ಲಿಂದನ ಅಂದ, "ಅಣ್ಣಾ, ನಾ ನಿನ್ನ ತಮ್ಮ."

"ತಮ್ಮ ಮನ್ಯಾಗ. ಇಲ್ಲಿ ಔಟ್."

ಕಪ್ಪೂ ಹೋತು, ಬಿದ್ದ ಪೆಟ್ಟಿಗೆ ಮೊಣಕಾಲೂ ಹೋತು. ಇನ್ನ ಆಟ ಮರತುಬಿಡು ಅಂದ್ರು ಡಾಕ್ಟರು. ಅವತ್ತಿಂದ ತಮ್ಮ ಮಾತು ಬಿಟ್ಟ. ಅಣ್ಣನೂ ಜಿದ್ದಿನವರೇ, ತಾವಾಗಿ ಮಾತಾಡಿಸಿದ್ರ ಫೈಸಲಾ ತಪ್ಪಂತ ಒಪ್ಪಿದಂಗ ಆಕ್ಕೈತಂತ. ನಮ್ಮತ್ತಿ ಸಾಯೂ ಮುಂದ ನನ್ನ ಕೈ ಹಿಡದು, ಇಬ್ಬರನ್ನೂ ಕೂಡಿಸಿ ಉಣ್ಣಾಕ ಹಾಕವ್ವ ಅಂದಿದ್ಲು. ಹಾಕೂದು ಹಾಕತಿದ್ದೆ. ಕೂಡಿಸೂದೊಂದು ನನ್ನ ಕೈಲಿ ಆಗವಲ್ದು.

ಎದುರಾ ಬದುರಾ ಕುಂತು ಉಣ್ಣತಿದ್ರು, ಮಾತೆಲ್ಲಾ ನನ್ನ ಮ್ಯಾಲಿಂದ. ಒಂದಿನ ಉಪ್ಪಿನ ಡಬ್ಬಿ ಅಣ್ಣನ ಮಗ್ಗಲಿತ್ತು. "ಅತ್ತಿಗಿ, ಉಪ್ಪು ಈ ಕಡೆ ಸರಸ್ತಾರೇನು ಅಂಪೈರ್ ಸಾಹೇಬ್ರಿಗೆ ಕೇಳು" ಅಂದ ಮೈದುನ. ಮನಿಯವರು ತಲಿ ಎತ್ತಲಿಲ್ಲ, ಬೆರಳು ಎತ್ತಿದ್ರು. ನನಗೂ ಸಾಕಾಗಿತ್ತು. ಎರಡೂ ಕೈ ಚಾಚಿ ವೈಡ್ ತೋರಿಸಿ, ಇಬ್ಬರ ತಾಟೂ ಎತ್ತಿಕೊಂಡು ಒಳಗ ನಡದೆ. ಅವತ್ತು ಎರಡೂ ತಂಡ ಉಪವಾಸ.

ಮಾತ್ರಿಗೆ ಆರು ರನ್

ಆಟ ಹೋದ ಮ್ಯಾಲೆ ಮೈದುನ ಬಾಳ ದಿನ ಗ್ವಾಡಿ ಕಡೆ ಮುಖ ಮಾಡಿ ಮಲಗತಿದ್ದ. ಸಿಂಧನೂರಿನಾಗ ಒಂದು ಪಂದ್ಯಕ್ಕ ಮೈಕಿನಾಗ ಆಟ ಹೇಳಾವಗ ಗಂಟಲ ಕಟ್ಟಿತಂತ ಇವನ್ನ ಕರಕೊಂಡು ಹೋದ್ರು. ಮೈಕ್ ಕೈಯಾಗ ಬಂದದ್ದ ತಡ, ಸತ್ತ ಮನಷ್ಯಾ ಎದ್ದು ಕುಂತಂಗ ಆತು. "ಚೆಂಡು ಕಾಲುವಿ ನೀರಿನಂಗ ಹೊಂಟೈತಿ, ಕಡೀ ಹೊಲಕ್ಕ ಮುಟ್ಟತೈತೋ ಇಲ್ಲೋ... ಇಲ್ಲ, ನಡುವ ತಡದ್ರು, ಮ್ಯಾಲಿನ ಊರವರು!" ಅಂದಾಗ ಕಾಲುವಿ ತುದಿ ರೈತರೆಲ್ಲಾ ಎದ್ದು ನಿಂತು ಚಪ್ಪಾಳಿ ಹೊಡದ್ರು. ಅವತ್ತಿಂದ ಇವನಿಲ್ದ ಟೂರ್ನಮೆಂಟ್ ಇಲ್ಲ.

ಆದ್ರ ಮೈದಾನದಾಗ ಅಂಪೈರ್ ಅಣ್ಣನೇ. ಹೆಸರು ಹೇಳತಿದ್ದಿಲ್ಲ, ಬಿಳೇ ಟೊಪ್ಪಿಗಿಯವರು ಅಂತಿದ್ದ. ಬಳಗಾನೂರಿನಾಗ ಒಂದು ಪಂದ್ಯದ ದಿನ ಮನಿಯವರು ಬಿ.ಪಿ. ಮಾತ್ರಿ ಮನ್ಯಾಗ ಬಿಟ್ಟು ಹೋಗಿದ್ರು. ನಾ ಮೈದುನನ ಕೈಯಾಗ ಕೊಟ್ಟು ಕಳಿಸಿದೆ. ಹೋಗಿ ಕೈಗೆ ಕೊಡೂದು ಬಿಟ್ಟು ಮೈಕಿನಾಗ ಹೇಳ್ಯಾನ: "ಬಿಳೇ ಟೊಪ್ಪಿಗಿಯವರು ಮುಂಜಾನಿ ಮಾತ್ರಿ ನುಂಗಿಲ್ಲ. ನುಂಗೂತನಕ ಆಟ ನಿಂದ್ರತೈತಿ. ಇದು ನಮ್ಮ ಅತ್ತಿಗಿ ಹುಕುಂ."

ಬೌಲರ್ ನಿಂತ, ಬ್ಯಾಟ್ಸ್‌ಮನ್ ನಿಂತ. ನೀರು ಬಂತು, ಮಾತ್ರಿ ಬಂತು, ಇಡೀ ಮೈದಾನ ನೋಡಾಕತ್ತೈತಿ. ಮನಿಯವರು ನುಂಗಿ, ಸಿಟ್ಟಿಲೆ ಎರಡೂ ಕೈ ಮ್ಯಾಲೆತ್ತಿ, ಆತೇನು ಅನ್ನೂವಂಗ ಮೈಕಿನ ಕಡೆ ತೋರಿಸಿದ್ರು. ಅಷ್ಟೊತ್ತು ತಲಿ ಕೆಳಗ ಹಾಕಿ ಅವಲಕ್ಕಿ ತಿನ್ನಾಕತ್ತಿದ್ದ ಸ್ಕೋರರ್ ಆಗ ತಲಿ ಎತ್ತಿದ. ಎರಡು ಕೈ ಮ್ಯಾಲೆ ಕಂಡ್ವು, ಆರು ರನ್ ಬರದುಬಿಟ್ಟ. ಬಳಗಾನೂರಿನವರು ಆ ಪಂದ್ಯ ಗೆದ್ದದ್ದು ನಾಕ ರನ್ನಿಂದ.

ಗೆರಿ ಬಿಟ್ಟಾವ

ಹಿಂಗ ವರ್ಷ ಉರುಳಿದ್ವು. ಇಬ್ಬರೂ ಮಾತು ಬಿಟ್ಟಾಗ ಅಂಬೆಗಾಲಿಡತಿದ್ದ ನನ್ನ ಮಗಳು ಹೈಸ್ಕೂಲು ಮುಗಿಸಿದ್ಲು. ಸಾಯೂ ಮುಂದ ನಮ್ಮತ್ತಿಗೆ ನಾ ಕೊಟ್ಟ ಮಾತು ಹಂಗೇ ಉಳಿತು.

ಜವಳಗೇರಾದಾಗ ಮಸ್ಕಿಗೂ ಲಿಂಗಸುಗೂರಿಗೂ ಮತ್ತ ಫೈನಲ್ ಬಿತ್ತು. ನೆಲ್ಲು ಕೊಯ್ದ ಗದ್ದಿ, ಅದ ಮೈದಾನ. ಸಂಜಿಗೆ ಕಾಲುವಿ ನೀರು ಬಿಡತಾರ, ಅದರೊಳಗ ಮುಗಿಸ್ರಿ ಅಂತ ಹೊಲದ ಮಾಲಕ ತಾಕೀತು ಮಾಡಿದ್ದ. ನಾ ರೊಟ್ಟಿ ಬುಟ್ಟಿ ಹೊತ್ತುಕೊಂಡು ಹೋಗಿ ಬದುವಿನ ಮ್ಯಾಲೆ ಕುಂತಿದ್ದೆ. ಮಸ್ಕಿಯವರಿಗೆ ಕಡೀಗೆ ಒಬ್ಬ ಆಟಗಾರ ಕಡಿಮಿ ಬಿದ್ದ, ಬಿಸಿಲಿಗೆ ತಲಿ ತಿರುಗಿ ಮಲಗಿದ್ದ. ಮೂರು ರನ್ ಬೇಕು, ಬ್ಯಾಟ್ ಹಿಡಿಯಾವರಿಲ್ಲ. ಎಲ್ಲಾರೂ ಮೈಕಿನ ಕಡೆ ನೋಡಿದ್ರು.

ಮೈದುನ ಕುಂಟಕೋತ ಹೋದ. ಮೈಕ್ ಮಾತ್ರ ಬಿಡಲಿಲ್ಲ, ವೈರಿಲ್ಲದ್ದು, ಕೆಂಪು ವಸ್ತ್ರದಾಗ ಕೊರಳಿಗೆ ಕಟ್ಟಿಕೊಂಡ. "ಈಗ ಬಂದಾರ ಮಸ್ಕಿಯ ಹಳೇ ಹುಲಿ. ಹುಲಿ ಕಾಲು ಕುಂಟತೈತಿ, ತಲಿ ಬಾಚ್ಯಾರ" ಅಂತ ತನ್ನ ಸುದ್ದಿ ತಾನ ಹೇಳಿಕೊಂಡ.

ಚೆಂಡು ಬಂತು. ಕೀಪರ್ ಹಿಡದು ಆಕಾಶಕ್ಕ ತೂರಿದ, ಔಟ್ ಅಂತ ಎಲ್ಲಾರೂ ಕೂಗಿದ್ರು. ಮನಿಯವರ ಕೈ ಅರ್ಧ ಎದ್ದು ನಿಂತುಬಿಡ್ತು. ಈ ಸಲಾನೂ ಬೆರಳು ಎತ್ತಿದ್ರ ಇನ್ನ ಈ ಜನ್ಮದಾಗ ಇಬ್ಬರೂ ಕೂಡಂಗಿಲ್ಲ ಅನಿಸ್ತು. ಮೈದುನ ಗೆರಿ ಬಿಟ್ಟು ಅಣ್ಣನ ಕಡೆ ನಡದ. ಗಿಡಕ್ಕ ಕಟ್ಟಿದ ಮೈಕಿನ ಹಾರ್ನಿನಾಗ ಅವನ ದನಿ, ಆದ್ರ ಆಟ ಹೇಳೂ ದನಿ ಅಲ್ಲ ಅದು.

"ಅಣ್ಣಾ, ಬ್ಯಾಟಿಗೆ ತಾಗೇತಿ. ನನ್ನ ಮಾರಿ ನೋಡಬ್ಯಾಡ. ಎತ್ತು ಬೆರಳು."

ಮನಿಯವರು ತಮ್ಮನ ಕೊರಳಿಗಿದ್ದ ಮೈಕಿಗೇ ಬಾಯಿ ಹಚ್ಚಿದ್ರು. "ನೋಬಾಲ್ ಅದು, ಹುಚ್ಚಾ. ನಾ ಬೆರಳು ಎತ್ತಾಕ ಹೊಂಟಿದ್ದಿಲ್ಲಲೇ, ಕೈ ಚಾಚಾಕ ಹೊಂಟಿದ್ದೆ."

ನಾ ಸೆರಗು ಕಣ್ಣಿಗೆ ಒತ್ತಿಕೊಂಡೆ. ಗದ್ದಿ ತುಂಬ ಚಪ್ಪಾಳಿ. ಇಬ್ಬರೂ ಪಿಚ್ಚಿನ ನಡುವ ನಿಂತು ಮಾತಾಡಾಕತ್ರು, ಕಾಲು ಹೆಂಗೈತಿ, ಮಾತ್ರಿ ತಗೊಂಡ್ಯಾ ಅಂತ, ಎಲ್ಲಾ ಹಾರ್ನಿನಾಗ. ಅಷ್ಟರಾಗ ಲಿಂಗಸುಗೂರಿನ ಒಬ್ಬ ಫೀಲ್ಡರ್, ಎಲ್ಲಾರೂ ಅಳೂ ಹೊತ್ತಿನ್ಯಾಗ, ಬಿದ್ದ ಚೆಂಡು ಎತ್ತಿಕೊಂಡು ಸುಮ್ನ ಸ್ಟಂಪ್ ಉರುಳಿಸಿದ. ಪುಸ್ತಕದಾಗ ಏನೈತೋ ನನಗ ಗೊತ್ತಿಲ್ಲ, ಗೆರಿ ಬಿಟ್ಟಾವ ಔಟ್ ಅನ್ನೂದು ನಮ್ಮ ಮನಿಯವರ ಕಾಯ್ದೆ. ಒಂದು ಕೈ ತಮ್ಮನ ಹೆಗಲ ಮ್ಯಾಲೆ ಇಟ್ಟು ಇನ್ನೊಂದು ಕೈ ಬೆರಳು ಎತ್ತಿದ್ರು.

"ಈಗ ಔಟ್."

ಇಂವಾ ನಕ್ಕ ನೋಡ್ರಿ, ಆ ನಗಿ ಮೈಕಿನಾಗ ಮುಂದಿನ ಊರಿಗೂ ಕೇಳಿತ್ತಂತ.

ಈಗ ಮುದಗಲ್‌ದ ಮಿರ್ಚಿ ಹೆಣ್ಮಗಳು ಬಸ್ ಸ್ಟ್ಯಾಂಡ್ ಹತ್ರ ಖಾನಾವಳಿ ಹಾಕ್ಯಾಳ. ಸ್ಕೋರರ್‌ಗೆ ಸಿಂಧನೂರಿನಾಗ ನೌಕರಿ ಹತ್ತೈತಿ, ದೂರದಿಂದ ಕೈ ಎತ್ತಿ ನಮಸ್ಕಾರ ಮಾಡಿದ್ರ ಇವತ್ತಿಗೂ ಪೆನ್ನಿಗೆ ಕೈ ಹಾಕತಾನ. ಸ್ಟಂಪ್ ಉರುಳಿಸಿದ ಹುಡುಗ ನಮ್ಮ ಅಳಿಯ ಆಗ್ಯಾನ. ಮೈದುನನೇ ಅವನನ್ನ ಆರಿಸಿದ್ದು, ಊರೆಲ್ಲಾ ಮಾತಾಡೂ ಮುಂದ ಕೆಲಸ ಮಾಡಾವ ಇಂವೊಬ್ಬನೇ ಅಂತ.

ಮನಿಯವರ ಕಣ್ಣು ಮಂಜಾಗ್ಯಾವ. ಟೀವಿ ಮುಂದ ತಮ್ಮ ಆಟ ಹೇಳತಾನ, ಅಣ್ಣ ಕೇಳಿಸಿಕೊಂಡು ಬೆರಳು ಎತ್ತತಾರ, ಆಮ್ಯಾಲೆ ಲಿಂಗಸುಗೂರಿನ ಹಳೇ ರನ್ ಔಟ್ ಮ್ಯಾಲೆ ತಕರಾರು ಸುರು. ಉಣ್ಣಾಕ ಕರದ್ರ ಯಾರಿಗೂ ಕೇಳಂಗಿಲ್ಲ. ಆವಾಗ ನಾ ಬಾಗಲದಾಗ ನಿಂತು ಎರಡೂ ಕೈ ಚಾಚತೀನಿ. ಅದೊಂದು ಫೈಸಲಾಕ ಮಾತ್ರ ಇಬ್ಬರೂ ಬಾಯಿ ಮುಚ್ಚಿಕೊಂಡು ಎದ್ದು ಬರತಾರ.