ಮಹಡಿಯೆಂಬ ಪರವೂರು

ಕನ್ನಡಕದಂಗಡಿಯ ಯಜಮಾನರಿಗೆ ಉಪಾಯಗಳು ಹೊಳೆಯುವುದು ಊಟವಾದ ಮೇಲೆ, ಕೈ ತೊಳೆಯುವ ಮುಂಚೆ. ಕೈ ಒಣಗುವಷ್ಟರಲ್ಲಿ ಅವು ಜಾರಿಗೂ ಬಂದಿರುತ್ತವೆ. ನಡುವೆ ಯೋಚನೆ ಮಾಡಲು ಪುರುಸೊತ್ತೇ ಸಿಗುವುದಿಲ್ಲ. (ಯಜಮಾನರು ಎಂಬ ಬಿರುದು ಅಂಗಡಿಯ ಹೊಸ್ತಿಲೊಳಗೆ ಮಾತ್ರ ಚಾಲ್ತಿಯಲ್ಲಿದೆ. ಮನೆಯಲ್ಲಿ ಅವರು ಹೆಂಡತಿಗೆ ‘ರೀ’, ಮಗಳಿಗೆ ‘ಅಪ್ಪಾ’, ಅತ್ತೆಯವರಿಗೆ ‘ಅಳಿಯಂದ್ರೇ’. ಮೂರೂ ಯಾವುದಾದರೊಂದು ಕೆಲಸ ಹೇಳುವ ಮುಂಚಿನ ಪೀಠಿಕೆಗಳು.)

ಆ ದಿನ ಅವರಿಗೆ ಹೊಳೆದದ್ದು ಇಷ್ಟು: ಹೆಂಡತಿ ಮನೆ ಬಿಟ್ಟು ಹೋಗುವುದನ್ನು ಒಂದು ವಾರ ಅಭ್ಯಾಸ ಮಾಡಿ ನೋಡಬೇಕು.

ತಪ್ಪು ತಿಳಿಯಬೇಡಿ. ಜಗಳವೇನೂ ಆಗಿರಲಿಲ್ಲ. ಹೆಂಡತಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರು. ಜೇಡ ಎಂದರೆ ಪಂಚಪ್ರಾಣ. ಮನೆಯ ಪ್ರತಿ ಮೂಲೆಯಲ್ಲೂ ಒಂದೊಂದು ಜೇಡ ಸಂಸಾರ ಹೂಡಿತ್ತು. ಆ ಬಲೆಗಳಿಗೆ ‘ಸಂಶೋಧನಾ ಸಾಮಗ್ರಿ’ ಎಂದು ಹೆಸರು, ಅವುಗಳ ಹತ್ತಿರ ಪೊರಕೆ ಸುಳಿಯಕೂಡದು. ಪಿಎಚ್.ಡಿ. ಮಾಡಬೇಕೆಂಬುದು ಆಕೆಯ ಹಳೆಯ ಆಸೆ. ಮದುವೆ, ಬಾಣಂತನ, ಅಮ್ಮನ ಕಣ್ಣಿನ ಆಪರೇಷನ್ ಎಂದು ಮುಂದೂಡುತ್ತಾ ಬಂದು, ಕೊನೆಗೆ ಈ ವರ್ಷ ಧೈರ್ಯ ಮಾಡಿದ್ದಳು.

“ಐದು ಕಡೆ ಅರ್ಜಿ ಹಾಕಿದ್ದೀನಿ ರೀ. ಈ ಸಲ ಆಗ್ಲಿಲ್ಲ ಅಂದ್ರೆ ಇನ್ನು ಈ ಜನ್ಮದಲ್ಲಿ ಕೇಳಲ್ಲ” ಎಂದು ನಕ್ಕಿದ್ದಳು. ಆ ನಗು ಯಜಮಾನರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಆಕೆಗೆ ಸೀಟು ಸಿಗಲೇಬೇಕು. ಸಿಕ್ಕರೆ ಆಕೆ ಹೋಗಿಬಿಡುತ್ತಾಳೆ. “ಐದು ಕಡೆ!” ಎಂದು ಉದ್ಗರಿಸಿ, ಕಣ್ಣೊರೆಸಿಕೊಂಡು, ಮರುದಿನವೇ ಒಂದು ದೊಡ್ಡ ಸೂಟ್‌ಕೇಸು ತಂದುಕೊಟ್ಟಿದ್ದರು. ತ್ಯಾಗವೆಂದರೆ ಹೀಗಿರಬೇಕು ಎಂದು ತಮಗೆ ತಾವೇ ಹೇಳಿಕೊಂಡಿದ್ದರು.

ಆಮೇಲೆ ಶುರುವಾಯಿತು ಕಾಯುವಿಕೆ. ಹೆಂಡತಿಯ ಫೋನು ಟಿಣ್ ಎಂದರೆ ಸಾಕು, ಇಡೀ ಮನೆ ಉಸಿರು ಬಿಗಿಹಿಡಿಯುತ್ತಿತ್ತು. ನೋಡಿದರೆ ಹಾಸಿಗೆ ಕಂಪನಿಯ ಜಾಹೀರಾತು. ಎರಡು ಕಡೆಯಿಂದ ‘ವಿಷಾದಿಸುತ್ತೇವೆ’ ಎಂದು ಉತ್ತರ ಬಂತು. ಆ ಎರಡು ದಿನವೂ ಆಕೆ ಸ್ಟೂಲು ಹತ್ತಿ, ಕಿಟಕಿಯ ಮೇಲಿನ ಜೇಡವನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. ಯಜಮಾನರು ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡಿದ್ದರು. ಬೇರೇನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಏನಾದರೂ ಮಾಡಲೇಬೇಕಲ್ಲ ಎಂದುಕೊಂಡಾಗ ಹೊಳೆದದ್ದೇ ಈ ಉಪಾಯ.

“ಅಭ್ಯಾಸಾನಾ? ಯಾರಿಗೆ?” ಎಂದಳು ಹೆಂಡತಿ.

“ನಮಗೇ ಕಣೇ. ನಾಳೆ ನೀನು ಹೋದ್ಮೇಲೆ ನಾವು ಕಂಗಾಲಾಗಬಾರದಲ್ಲ! ಮಹಡಿ ಕೋಣೆ ಖಾಲಿ ಬಿದ್ದಿದೆ. ಹೊರಗಿಂದಲೇ ಮೆಟ್ಟಿಲಿದೆ. ಅದೇ ಪರವೂರು ಅಂದ್ಕೋ. ಅಲ್ಲಿಂದಲೇ ಸ್ಕೂಲಿಗೆ ಹೋಗು, ಬಾ. ಕೆಳಗಿನ ಮನೆ ಕಡೆ ತಲೆ ಹಾಕ್ಬೇಡ. ಸಂಜೆ ಒಂದು ಸಲ ಫೋನು, ಅಷ್ಟೇ.”

“ಹೋಗೋಳು ಜೇಡಗಳನ್ನೂ ಕರ್ಕೊಂಡು ಹೋಗ್ತಾಳಾ?” ಅತ್ತೆಯವರು ಪೊರಕೆಯ ಕಡೆ ಆಸೆಯಿಂದ ನೋಡಿದರು.

“ಇಲ್ಲಮ್ಮಾ, ಅವು ಇಲ್ಲೇ ಇರ್ತವೆ. ಮುಟ್ಟಿದ್ರೆ ನೋಡು.”

“ಹಾಗಾದ್ರೆ ಇದೆಂಥ ಹೋಗೋದು!” ಎಂದು ಅವರು ಆಸಕ್ತಿ ಕಳೆದುಕೊಂಡರು.

ಹೆಂಡತಿ ಉತ್ತರಪತ್ರಿಕೆ ನೋಡುವ ಕಣ್ಣಿನಿಂದ ಗಂಡನನ್ನು ನೋಡಿದಳು. “ಅಡುಗೆ?”

“ನಾನೇ.”

“ಮಗಳ ಹೋಮ್‌ವರ್ಕು?”

“ನಾನೇ.”

“ಅಮ್ಮನ ಮಾತ್ರೆ? ಬಟ್ಟೆ ಒಗೆಯೋದು?”

“ನಾನೇ, ನಾನೇ!”

“ಸೂಟ್‌ಕೇಸ್ ಎಲ್ಲಿಟ್ಟಿದ್ದೀರಿ?” ಎಂದಳು ಹೆಂಡತಿ.

ಸ್ವಲ್ಪ ಹೊತ್ತಿನಲ್ಲೇ ಪ್ರಯಾಣ. ಮಗಳು ಟಾಟಾ ಮಾಡಿದಳು. ಯಜಮಾನರು ಮೆಟ್ಟಿಲ ಬುಡದವರೆಗೂ ಹಿಂದೆಯೇ ಬಂದರು. “ಹುಷಾರು ಕಣೇ... ಹೊತ್ತುಹೊತ್ತಿಗೆ ಊಟ ಮಾಡು...” ಎನ್ನುವಷ್ಟರಲ್ಲಿ ಮೇಲಿನಿಂದ ದನಿ ಕೇಳಿತು. “ತಲುಪಿದೆ ರೀ! ಊಟ ಬೇಗ ಕಳಿಸಿ!”

ಊಟ. ಹೌದು, ಪರವೂರಿನಲ್ಲಿ ಹಾಸ್ಟೆಲು ಇರಲಿಲ್ಲ. ಹಾಸ್ಟೆಲೂ ಯಜಮಾನರೇ ಆಗಬೇಕಾಯಿತು.

ಮೊದಲ ದಿನದ ಅನ್ನವನ್ನು ಗೋಡೆಗೆ ಹಚ್ಚಿದ್ದರೆ ಸುಣ್ಣದ ಖರ್ಚು ಉಳಿಯುತ್ತಿತ್ತು. ಆಲೂಗಡ್ಡೆ ಹೊರಗೆ ಕರಕಲು, ಒಳಗೆ ಹಸಿ. ಇದು ಹೇಗೆ ಸಾಧ್ಯವಾಯಿತೆಂದು ಅತ್ತೆಯವರು ನಿಜವಾದ ಕುತೂಹಲದಿಂದ ಕೇಳಿದರು. ಯಜಮಾನರು ಅಡುಗೆಮನೆಯಿಂದ ಪರವೂರಿಗೆ ಫೋನು ಮಾಡಿದರು.

“ಏನೇ, ಉಪ್ಪಿನ ಡಬ್ಬಿ ಎಲ್ಲಿದೆ?” ಅವರ ದನಿ ಫೋನಿಗಿಂತ ಮೊದಲು ಕಿಟಕಿಯಿಂದಲೇ ಮೇಲಕ್ಕೆ ಮುಟ್ಟಿತ್ತು.

“ಎಷ್ಟು ದೂರದಿಂದ ಮಾತಾಡ್ತಿದ್ದೀನಿ, ಉಪ್ಪಿನ ವಿಷಯ ಕೇಳ್ತೀರಲ್ಲ! ಮಗಳು ಹೇಗಿದ್ದಾಳೆ?”

“ಇಲ್ಲೇ ಇದ್ದಾಳೆ, ಅನ್ನ ಕೆರೀತಿದ್ದಾಳೆ. ಅದಿರ್ಲಿ, ಏನಾದ್ರೂ ಉತ್ತರ ಬಂತಾ?”

“ಬಂದಿಲ್ಲ” ಎಂದಳು. ಆ ಕಡೆಯೂ ಈ ಕಡೆಯೂ ಒಂದು ನಿಟ್ಟುಸಿರು ಕೇಳಿಸಿತು.

ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಆಕೆಯನ್ನು ಕಂಡು ಯಜಮಾನರು ಖುಷಿಯಿಂದ ಕೈಬೀಸಿದರೆ, ಆಕೆ ಬೆನ್ನು ತಿರುಗಿಸಿ ನಿಂತಳು. ಹತ್ತಿರ ಹೋದಾಗ, “ನಿಯಮ ಮಾಡಿದೋರು ನೀವೇ. ನಾನೀಗ ಈ ಊರಲ್ಲೇ ಇಲ್ಲ” ಎಂದು ಪಿಸುಗುಟ್ಟಿದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಯಜಮಾನರನ್ನು ದುರುಗುಟ್ಟಿಕೊಂಡು ನೋಡಿ, “ಏನಮ್ಮಾ, ತೊಂದರೆ ಕೊಡ್ತಿದ್ದಾನಾ?” ಎಂದರು. ಯಜಮಾನರು ಆ ಬಸ್ಸು ಹತ್ತದೆ ಅಂಗಡಿಗೆ ನಡೆದೇ ಹೋದರು.

ಆದರೂ ಮನುಷ್ಯ ಕಲಿಯುತ್ತಾನೆ. ದಿನ ಕಳೆದಂತೆ ಅನ್ನ ಅಗುಳಗುಳಾಯಿತು. ಬೇಳೆ ಬೆಂದಿತು. “ಅಪ್ಪಾ, ಇವತ್ತಿಂದು ತಿನ್ನಬಹುದು” ಎಂದು ಮಗಳು ಪ್ರಮಾಣಪತ್ರ ಕೊಟ್ಟಳು. ಯಜಮಾನರು ತಟ್ಟೆಯನ್ನು ಮುಚ್ಚಿ, ಮಹಡಿ ಬಾಗಿಲಿನ ಮುಂದಿಟ್ಟು, ಎರಡು ಸಲ ಕೆಮ್ಮಿ ಇಳಿದು ಬರುವುದನ್ನು ರೂಢಿಸಿಕೊಂಡರು. ವಾರ ಮುಗಿಯಿತು.

“ಇನ್ನು ಬಂದುಬಿಡೇ” ಎಂದರು ಫೋನಿನಲ್ಲಿ.

“ಒಂದು ವಾರದ ಪ್ರಯೋಗದಿಂದ ಯಾವ ತೀರ್ಮಾನಕ್ಕೂ ಬರೋಕಾಗಲ್ಲ ರೀ. ಇನ್ನೊಂದು ವಾರ ನೋಡೋಣ.”

“ಉತ್ತರ...?”

“ನಿಮ್ಮ ಊಟ ಆಯ್ತಾ?” ಎಂದು ಆಕೆ ಮಾತು ತಿರುಗಿಸಿದಳು.

ಯಜಮಾನರಿಗೆ ಅರ್ಥವಾಗಿಹೋಯಿತು. ಮೂರನೆಯದೂ ನಾಲ್ಕನೆಯದೂ ‘ವಿಷಾದಿಸುತ್ತೇವೆ’ ಎಂದಿರಬೇಕು. ಪಾಪ, ದುಃಖ ನುಂಗಿಕೊಂಡು ಮೇಲೆ ಒಬ್ಬಳೇ ಕೂತಿದ್ದಾಳೆ. ಮೇಲಿನಿಂದ ಆಗಾಗ ಹಾಡು ಗುನುಗುವುದು ಕೇಳುತ್ತಿತ್ತು. ಅಳುವನ್ನು ಹಾಡಿನಲ್ಲಿ ಮುಚ್ಚುತ್ತಿದ್ದಾಳೆಂದು ಯಜಮಾನರು ಕಣ್ಣೊರೆಸಿಕೊಂಡು, ಅವತ್ತಿನ ತಟ್ಟೆಗೆ ಒಂದು ಬಟ್ಟಲು ಬಿಸಿ ಸೂಪು ಸೇರಿಸಿದರು. ಮರುದಿನ ಬೇಯಿಸಿದ ಮೊಟ್ಟೆ. ಅದರ ಮರುದಿನ ಹಣ್ಣು ಹೆಚ್ಚಿ, ಹೂವಿನಂತೆ ಜೋಡಿಸಿ ಕಳಿಸಿದರು. ಹಾಡು ಇನ್ನಷ್ಟು ಜೋರಾಯಿತು. ಅತ್ತೆಯವರೂ ಮಗಳೂ ಮುಖ ಮುಖ ನೋಡಿಕೊಂಡರು. ಎಳೆಯ ಮನಸ್ಸಿಗೂ ಅಮ್ಮನ ಸಂಕಟ ತಿಳಿಯುತ್ತಿದೆಯಲ್ಲ ಎಂದು ಯಜಮಾನರು ಮತ್ತೆ ಕಣ್ಣೊರೆಸಿಕೊಂಡರು.

ಆ ವಾರವೇ ಅಂಗಡಿಗೆ ಒಬ್ಬ ಹಿರಿಯ ಹೆಂಗಸು ಬಂದರು. ಕನ್ನಡಕದ ಒಂದು ಕಡ್ಡಿಯನ್ನು ದಾರದಿಂದ ಕಟ್ಟಿಕೊಂಡಿದ್ದರು. ಎರಡು ಬಸ್ ಸ್ಟಾಪಿನಾಚೆಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಂತೆ. ಅಲ್ಲಿನ ಅರ್ಧ ಪ್ರೊಫೆಸರುಗಳ ಮೂಗಿನ ಅಳತೆ ಯಜಮಾನರಿಗೆ ಬಾಯಿಪಾಠ. ಇವರದು ಹೊಸ ಮೂಗು.

“ಯಾವ ವಿಭಾಗ ಮೇಡಂ ನಿಮ್ಮದು?”

“ಜೀವಶಾಸ್ತ್ರ.”

ಯಜಮಾನರು ಸ್ಕ್ರೂಡ್ರೈವರು ಎತ್ತಿ ಹಿಡಿದು ಭಾಷಣಕ್ಕೇ ನಿಂತರು. “ನಿಮ್ಮಂಥೋರು ಸ್ವಲ್ಪ ಬೇಗ ಉತ್ತರ ಕಳಿಸಬಾರ್ದಾ ಮೇಡಂ? ಅರ್ಜಿ ಹಾಕಿದೋರ ಮನೆಯಲ್ಲಿ ಏನೇನಾಗ್ತಿದೆ ಅಂತ ನಿಮಗೆ ಗೊತ್ತಾ? ಸಂಸಾರಗಳು ಮೇಲೆ ಕೆಳಗೆ ಆಗಿಹೋಗಿವೆ!”

“ನಾವು ಹೋದ ವಾರವೇ ತಿಳಿಸಿದ್ದೀವಪ್ಪ. ಈ ಸಲ ಒಬ್ಬರು ಸಿಕ್ಕಿದ್ದಾರೆ ನೋಡಿ, ಹೈಸ್ಕೂಲ್ ಟೀಚರು. ಜೇಡ ಅಂದ್ರೆ ಜೀವ. ನಾನೇ ಫೋನ್ ಮಾಡ್ದೆ, ಆ ಕ್ಷಣವೇ ಬರ್ತೀನಿ ಅಂದ್ರು.”

ಯಜಮಾನರ ಕೈಯಲ್ಲಿದ್ದ ಸ್ಕ್ರೂ ಎಲ್ಲಿಗೆ ಬಿತ್ತೋ ಈವರೆಗೂ ಸಿಕ್ಕಿಲ್ಲ.

“ಜೇ... ಜೇಡಾನಾ?”

“ಹೂಂ. ಈಗ ಮನೆಯೋರಿಂದ ದೂರ, ಎಲ್ಲೋ ನಿಶ್ಶಬ್ದವಾದ ಜಾಗದಲ್ಲಿ ಇದ್ದಾರಂತೆ. ಓದೋದು, ನಿದ್ದೆ ಮಾಡೋದು. ಊಟ ತಾನಾಗೇ ಬಾಗಿಲಿಗೆ ಬರುತ್ತಂತೆ. ‘ಇಲ್ಲಿಂದ ಹೊರಡೋಕೇ ಮನಸ್ಸಿಲ್ಲ ಮೇಡಂ’ ಅಂದ್ರು. ಪುಣ್ಯವಂತೆ!”

ಯಜಮಾನರ ಬಾಯಿಂದ ಹೊರಟದ್ದು ಒಂದೇ ಪ್ರಶ್ನೆ. “ಊಟ ಹೇಗಿದೆಯಂತೆ?”

“ಮೊದಮೊದಲು ಕಷ್ಟವಾಯ್ತಂತೆ. ಈಗ ಪರವಾಗಿಲ್ವಂತೆ.”

ಬೇರೆ ಸ್ಕ್ರೂ ಹಾಕಿ ಅವರನ್ನು ಕಳಿಸಿದವರೇ ಯಜಮಾನರು ಅಂಗಡಿಗೆ ಬೀಗ ಜಡಿದು ಓಡಿದರು. ಮಹಡಿ ಬಾಗಿಲನ್ನು ದಢಾರನೆ ತಳ್ಳಿದರೆ, ಹೆಂಡತಿ ಸೂಟ್‌ಕೇಸಿನ ಮೇಲೆ ಕಾಲು ಚಾಚಿ, ಪುಸ್ತಕ ಹಿಡಿದು, ಅವರೇ ಹೆಚ್ಚಿಕೊಟ್ಟ ಹಣ್ಣು ತಿನ್ನುತ್ತಿದ್ದಳು.

“ರೀ! ಗಂಡು ಜೇಡ ಕೂಡ ಬಲೆ ಅಂಚಲ್ಲಿ ನಿಂತು, ದಾರ ಮೀಟಿ, ಅಪ್ಪಣೆ ಕೇಳುತ್ತೆ. ನೀವು ಹೀಗಾ ನುಗ್ಗೋದು?”

“ನಿನಗೆ ಸೀಟು ಸಿಕ್ಕಿದೆ!” ಎಂದು ಯಜಮಾನರು ಅರಚಿದರು, ಆಕೆಗೇ ಗೊತ್ತಿಲ್ಲವೇನೋ ಎಂಬಂತೆ.

ಆಕೆ ಪುಸ್ತಕ ಕೆಳಗಿಟ್ಟಳು. ಮುಖವೆಲ್ಲ ಅರಳಿತ್ತು. ಮೆಟ್ಟಿಲು ಹತ್ತುವಾಗ ಕೂಡಿಟ್ಟುಕೊಂಡಿದ್ದ ಸಿಟ್ಟೆಲ್ಲ ಆ ಮುಖ ಕಂಡದ್ದೇ ತಡ ಕರಗಿಹೋಯಿತು.

“ಫೋನ್ ಬಂದ ತಕ್ಷಣ ನಿಮಗೇ ಹೇಳೋಣ ಅಂತ ಬಾಗಿಲು ತೆಗೆದೆ ರೀ. ಮುಂದೆ ನೀವಿಟ್ಟ ತಟ್ಟೆ ಇತ್ತು. ಆರಿಹೋಗುತ್ತಲ್ಲ ಅಂತ ಕೂತು ತಿಂದೆ. ತಿಂದಮೇಲೆ, ಇನ್ನೊಂದು ದಿನ ಹೀಗೇ ಇರ್ಲಿ ಅನ್ನಿಸ್ತು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ...”

“ಅಂದ್ರೆ ನೀನು ಎಲ್ಲಿಗೂ ಹೋಗಲ್ಲ? ಈ ಊರಿಗೂ ಅರ್ಜಿ ಹಾಕಿದ್ದೆಯಾ?”

“ಮೊದಲನೇದೇ ಇಲ್ಲಿಗೆ. ನೀವು ‘ಐದು ಕಡೆ!’ ಅಂತ ಅಳೋಕೇ ಶುರುಮಾಡಿದ್ರಿ, ಎಲ್ಲೆಲ್ಲಿಗೆ ಅಂತ ಕೇಳಲೇ ಇಲ್ಲ.”

“ಆಮೇಲಾದ್ರೂ ಹೇಳಬಾರ್ದಿತ್ತಾ?”

“ಅಷ್ಟರಲ್ಲಿ ಸೂಟ್‌ಕೇಸು ಬಂದಿತ್ತಲ್ಲ. ನಿಮ್ಮ ತ್ಯಾಗಕ್ಕೆ ಅಡ್ಡ ಬರೋಕೆ ಮನಸ್ಸಾಗ್ಲಿಲ್ಲ.”

“ನಿಮ್ಮಮ್ಮನಿಗೆ ಗೊತ್ತಾ?”

“ಅವತ್ತೇ ಗೊತ್ತು.”

“ಮಗಳಿಗೆ?”

“ಅವಳಿಗೂ. ಹೇಳಿದ್ರೆ ಅಪ್ಪ ಅಡುಗೆ ನಿಲ್ಲಿಸಿಬಿಡ್ತಾರೆ ಅಂದ್ಲು.”

ಯಜಮಾನರು ಸೂಟ್‌ಕೇಸಿನ ತುದಿಯಲ್ಲಿ ಕುಸಿದು ಕೂತರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಹೆಂಡತಿ ಹೋಗುವುದಿಲ್ಲ. ಆಕೆಗೆ ಸಿಕ್ಕಿದೆ. ಎರಡೂ ಒಟ್ಟಿಗೆ ಆಗಬಹುದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. “ಏಳು, ಏಳು. ಈಗಲೇ ಕೆಳಗೆ ಬಾ” ಎಂದು ಆಕೆಯ ಕೈ ಹಿಡಿದು ಎಳೆದರು.

ಆಕೆ ಏಳಲಿಲ್ಲ. “ಐದು ವರ್ಷದ ಓದು ರೀ. ಇಂಥ ಜಾಗ ನನಗೆ ಇನ್ನೆಲ್ಲಿ ಸಿಗುತ್ತೆ? ನಿಮಗೂ ಈಗ ಅಭ್ಯಾಸ ಆಗಿದೆ.”

ಯಜಮಾನರು ಉತ್ತರಕ್ಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗಿನಿಂದ ಅತ್ತೆಯವರ ದನಿ ಬಂತು.

“ಅಳಿಯಂದ್ರೇ! ಪರವೂರಿಂದ ವಾಪಸ್ ಬರುವಾಗ ಎಂಜಲು ತಟ್ಟೆ ತಗೊಂಡು ಬನ್ನಿ!”