ಗೋಡೆಗೆ ಮುಖ ಮಾಡಿದ ಪೆಟ್ಟಿಗೆ

ಇಷ್ಟಕ್ಕೆಲ್ಲ ಕಾರಣ ಒಂದು ತಗಡಿನ ಪೆಟ್ಟಿಗೆ. ಹಳೇಬೀಡಿನ ಗ್ರಾಹಕರ ಸಹಕಾರ ಸಂಘದ ಅಂಗಡಿಯಲ್ಲಿ ಒಂದು ದೂರು ಪೆಟ್ಟಿಗೆ ಇರಬೇಕು, ವರ್ಷದ ಸರ್ವಸದಸ್ಯರ ಸಭೆಯಲ್ಲಿ ಎಲ್ಲರ ಎದುರಿಗೇ ಅದರ ಬೀಗ ತೆಗೆಯಬೇಕು ಎಂದು ಅಧ್ಯಕ್ಷೆ ಕಮಲಾಕ್ಷಮ್ಮನವರು ಹೇಳಿದಾಗ ಕುಮಾರಸ್ವಾಮಿ ಹೂಂ ಅಂದಿದ್ದ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪೆಟ್ಟಿಗೆಗೆ ‘ದೂರು’ ಎಂಬ ಚೀಟಿ ಅಂಟಿಸಿ, ಆ ಚೀಟಿ ಗೋಡೆಯ ಕಡೆಗೆ ಬರುವಂತೆ ತಿರುಗಿಸಿ ಇಟ್ಟುಬಿಟ್ಟ. ಇಟ್ಟ ಹಾಗೂ ಆಯಿತು, ಕಾಣದ ಹಾಗೂ ಆಯಿತು. ಬೀಗದ ಕೈ ಮಾತ್ರ ಅಧ್ಯಕ್ಷೆಯ ಸೆರಗಿನ ಗಂಟು ಸೇರಿತು.

ಆರು ವರ್ಷದಿಂದ ಅವನು ಆ ಸಂಘದ ಪ್ರಭಾರ ಕಾರ್ಯದರ್ಶಿ. ಪ್ರಭಾರ ಎಂದರೆ ಭಾರವೆಲ್ಲ ಅವನದು, ಕುರ್ಚಿ ಮಾತ್ರ ಅವನದಲ್ಲ. ಇವತ್ತು ಮೂರು ಗಂಟೆಯ ಸಭೆಯಲ್ಲಿ ಅವನನ್ನು ಖಾಯಂ ಮಾಡುವ ಮಾತಿತ್ತು.

“ಒಂದೇ ಒಂದು ದೂರು ಬಂದಿದ್ರೂ ನನ್ ಕೈಲಿ ಆಗಲ್ಲ ಕುಮಾರಸ್ವಾಮಿ,” ಎಂದು ಕಮಲಾಕ್ಷಮ್ಮನವರು ಮೊದಲೇ ಹೇಳಿಟ್ಟಿದ್ದರು.

ಬೆಳಿಗ್ಗೆ ಅಂಗಡಿ ತೆರೆದವನು ಪೆಟ್ಟಿಗೆ ಎತ್ತಿ ನೋಡಿದ. ಹಬ್ಬದೂಟ ಉಂಡವನ ಹೊಟ್ಟೆಯ ಹಾಗೆ ಬಿಗಿದುಕೊಂಡಿತ್ತು ಅದು. ಅಲ್ಲಾಡಿಸಿದರೆ ಸದ್ದೂ ಇಲ್ಲ, ಅಷ್ಟು ಕಾಗದ.

ಬಿಲ್ಲು ಬರೆಯುವ ಹೇಮಾಶ್ರೀ ಗಾಯದ ಮೇಲೆ ಉಪ್ಪು ಸುರಿದಳು. “ನಿನ್ನೆ ಸಾವಿತ್ರಮ್ಮೋರು ಏನೋ ಮಡಚಿ ಹಾಕುದ್ರು ಸಾರ್. ಕಣ್ಣು ಮುಚ್ಚಿ, ಕೈ ಮುಗುದು ಹಾಕುದ್ರು. ಕರಿಯಪ್ಪನೋರು, ದೇವೀರಮ್ಮೋರು ಬಂದಾಗೆಲ್ಲ ಹಾಕ್ತಾರೆ.”

ಕೈ ಮುಗಿದು ದೂರು ಕೊಡುವುದೆಂದರೆ ಅದು ಶಾಪವೇ ಸರಿ. ಕುಮಾರಸ್ವಾಮಿ ಅಲ್ಲೇ ಅಕ್ಕಿ ಮೂಟೆಗೆ ಒರಗಿ ಅರಸೀಕೆರೆ ಹತ್ತಿರದ ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೆ ಹರಕೆ ಹೊತ್ತ. ಪೆಟ್ಟಿಗೆಯಲ್ಲಿ ಒಂದೂ ದೂರು ಇಲ್ಲದ ಹಾಗೆ ಮಾಡಿದರೆ ಬುಡದಿಂದ ತುದಿಯವರೆಗೆ ಅಷ್ಟೂ ಮೆಟ್ಟಿಲು ಮಂಡಿಯಲ್ಲೇ ಹತ್ತುತ್ತೇನೆ ಎಂದು ಹೇಮಾಶ್ರೀಗೂ ಕೇಳಿಸುವಂತೆ ಅಂದ. ಆದರೂ ದೇವರೊಬ್ಬನ ಮೇಲೆಯೇ ಹಾಕಿ ಕೂರುವ ಧೈರ್ಯ ಬರಲಿಲ್ಲ. ಬರೆದವರೇ ಸಭೆಯಲ್ಲಿ ಎದ್ದು ‘ಬಿಡಿ, ನಮ್ಮೊಳಗೇ ರಾಜಿಯಾಗಿದೆ’ ಅಂದರೆ ಸಾಕಲ್ಲ ಎಂದು ಚಪ್ಪಲಿ ಮೆಟ್ಟಿ ಹೊರಟ.

ಸಾವಿತ್ರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗೌರಿ ಹಬ್ಬದಲ್ಲಿ ಅಚ್ಚುಬೆಲ್ಲ ಮುಗಿದಿದೆ ಎಂದದ್ದು ಸುಳ್ಳು, ಒಳಗೆ ಇತ್ತು, ಅಧ್ಯಕ್ಷರ ಮನೆಗೆಂದು ಎತ್ತಿಟ್ಟಿದ್ದೆ, ಹೊಟ್ಟೆಗೆ ಹಾಕಿಕೊಳ್ಳಿ ಅಕ್ಕಾ ಎಂದು ಅವನು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಆಕೆಯ ಕೈಯಲ್ಲಿದ್ದ ಕಾಯಿ ಅರ್ಧಕ್ಕೇ ನಿಂತಿತು.

“ಹಂಗಾ,” ಎಂದು ಆಕೆ ಕಾಫಿ ಕೊಟ್ಟರು.

ಕೆರೆ ಏರಿಯ ಪಕ್ಕದ ಮನೆಯಲ್ಲಿ ಕರಿಯಪ್ಪನ ಮುಂದೆ ರಾಗಿ ಹಿಟ್ಟಿನ ಸಂಗತಿ ಬಿಚ್ಚಿದ. ಹುಳು ಬಿದ್ದಿತ್ತು ನಿಜ, ಜರಡಿ ಹಿಡಿದು ಕೊಟ್ಟದ್ದೂ ನಿಜ. ಮುದುಕ ಹೊಟ್ಟೆ ನೀವಿಕೊಳ್ಳುತ್ತ, “ಆಗ್ಲಿ ಹೋಗ್ಲಾ, ತಿಂದು ಅರಗ್ಸಿದ್ದಾಯ್ತು,” ಅಂದ. ಅಲ್ಲೂ ಕಾಫಿ.

ದೇವೀರಮ್ಮನಿಗೆ ಹೇಳಿದ್ದು ಇನ್ನೂ ಕಷ್ಟದ ಮಾತು. ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು ಅವರು ಮೂರು ಮಧ್ಯಾಹ್ನ ಬಂದಾಗಲೂ ‘ಸರ್ವರ್ ಇಲ್ಲ’ ಎಂದು ಕಳಿಸಿದ್ದ. ಸರ್ವರ್ ಇತ್ತು. ಇವನೇ ಮೂಟೆಗಳ ಹಿಂದೆ ಮಲಗಿದ್ದ. ದೇವೀರಮ್ಮ ಕಾಫಿ ಲೋಟ ಕೈಗಿಟ್ಟು, ಅವನನ್ನೇ ದಿಟ್ಟಿಸಿ ನೋಡಿ, “ಸಭೆಗೆ ಬತ್ತೀನಿ ಬಿಡಪ್ಪ,” ಅಂದರು. ಬಿಡಪ್ಪ ಎಂದ ಮೇಲೆ ಬಿಟ್ಟ ಹಾಗೇ ಎಂದುಕೊಂಡು, ಹೊಟ್ಟೆಯಲ್ಲಿ ಮೂರು ಲೋಟ ಕಾಫಿ ಕುಲುಕಿಸುತ್ತ ಅವನು ಓಡಿದ.

ಮೂರು ಗಂಟೆ. ಉಪ್ಪಿಟ್ಟಿನ ವಾಸನೆಗೆ ಸಭೆ ತುಂಬಿತ್ತು. ಕಮಲಾಕ್ಷಮ್ಮನವರು ಸೆರಗಿನ ಗಂಟು ಬಿಚ್ಚಿ, ಬೀಗ ತೆಗೆದು, ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಕುಮಾರಸ್ವಾಮಿ ಕಣ್ಣು ಮುಚ್ಚಿಕೊಂಡ.

“ಇದೇನಿದು, ಬರೀ ಬಿಲ್ಲು. ಹಿಂದೆ ಹೆಸರು, ಫೋನ್ ನಂಬರ್ ಬರ್ದವ್ರೆ,” ಎಂದರು ಅಧ್ಯಕ್ಷೆ.

ಹೇಮಾಶ್ರೀ ಪೆಟ್ಟಿಗೆಯನ್ನು ತಿರುಗಿಸಿ ತೋರಿಸಿದಳು. ಜನರಿಗೆ ಕಾಣುತ್ತಿದ್ದ ಮಗ್ಗುಲಲ್ಲಿ ಕುಕ್ಕರಿನ ಚಿತ್ರ. ಹೋದ ದೀಪಾವಳಿಯ ಬಹುಮಾನದ ಚೀಟಿ ಎತ್ತಿದ್ದು ಇದೇ ಪೆಟ್ಟಿಗೆಯಿಂದ. ಕುಕ್ಕರ್ ಬರಲಪ್ಪಾ ಎಂದು ಊರಿಗೆ ಊರೇ ಕೈ ಮುಗಿದು ಬಿಲ್ಲು ಹಾಕಿತ್ತು.

ದೂರು ಒಂದೂ ಇಲ್ಲ. ಕುಮಾರಸ್ವಾಮಿಗೆ ಹೋದ ಜೀವ ಬಂದಿತು. ಕಮಲಾಕ್ಷಮ್ಮನವರು ನಕ್ಕು, “ಹಂಗಾದ್ರೆ ಖಾಯಂ ಮಾಡೋದಕ್ಕೆ ಎಲ್ಲರ ಒಪ್ಪಿಗೆ ಐತಾ?” ಎಂದು ಕೇಳಿದರು.

ಸಾವಿತ್ರಮ್ಮ ಎದ್ದು ನಿಂತರು. “ಪೆಟ್ಟಿಗೇಲಿ ಇಲ್ಲ ಕಣಮ್ಮ. ಬೆಲ್ಲ ನಿಮ್ಮನೇಗ್ ಹೋಯ್ತು ಅಂತ ಇವರೇ ಮನೆ ಬಾಗ್ಲಿಗೆ ಬಂದು ಹೇಳುದ್ರು. ನಂಗೇನ್ ಗೊತ್ತಿತ್ತು?”

ಅಧ್ಯಕ್ಷೆಯ ನಗೆ ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿತು. ಹುಳುವಿನ ಕತೆ ಎದ್ದಿತು, ಸರ್ವರಿನ ನಿದ್ದೆ ಎದ್ದಿತು. ಸಭೆಗೆ ಸಭೆಯೇ ಅವನತ್ತ ತಿರುಗಿತು.

“ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗ್ಲೇ ಇಲ್ವಲ್ಲೋ,” ಎಂದ ಕರಿಯಪ್ಪ. “ನೀನೇ ಮನೆಮನೆಗೂ ಹೋಗಿ ಹೆಗಲು ಮುಟ್ಕೊಂಡ್ಯಲ್ಲ. ಅದಿರ್ಲಿ, ಕುಕ್ಕರ್ ಯಾವಾಗ?”

ನಡಾವಳಿ ಪುಸ್ತಕ ಬರೆಯುವುದು ಕಾರ್ಯದರ್ಶಿಯ ಕೆಲಸ. ‘ಶ್ರೀ ಕುಮಾರಸ್ವಾಮಿಯವರನ್ನು ಪ್ರಭಾರದಲ್ಲಿಯೇ ಮುಂದುವರಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಅವನೇ ದುಂಡಗೆ ಬರೆದು ಗೆರೆ ಎಳೆದ. ಜನ ಉಪ್ಪಿಟ್ಟಿನ ಕಡೆಗೆ ಎದ್ದರು.

ಮೇಜಿನ ಮೇಲಿನ ಬಿಲ್ಲುಗಳನ್ನು ಜೋಡಿಸುತ್ತ ಹೇಮಾಶ್ರೀ ಮೆಲ್ಲಗೆ ಕೇಳಿದಳು. “ಸಾರ್, ಪೆಟ್ಟಿಗೇಲಿ ದೂರು ಇರಬಾರ್ದು ಅಂತ ತಾನೇ ನೀವು ಹರಕೆ ಹೊತ್ತಿದ್ದು?”

ಕೇಳಿಕೊಂಡದ್ದನ್ನು ವೆಂಕಟರಮಣ ಅಕ್ಷರ ತಪ್ಪದೆ ನಡೆಸಿಕೊಟ್ಟಿದ್ದ. ಕುಮಾರಸ್ವಾಮಿ ಮೇಜಿನ ಕೆಳಗೆ ಕೈ ಇಳಿಸಿ ಎರಡೂ ಮಂಡಿಗಳನ್ನು ಒಮ್ಮೆ ಸವರಿಕೊಂಡು, ಅರಸೀಕೆರೆಗೆ ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.