ಗೂಟ ಬಡಿಯಲು ಒಂದು ಗೋಡೆ

ನನ್ನ ಭಾವನಿಗೆ ಮನೆ ಬೇಕಾಗಿರಲಿಲ್ಲ ಸ್ವಾಮಿ, ಒಂದು ಗೋಡೆ ಬೇಕಾಗಿತ್ತು, ಅಷ್ಟೆ! ಆದರೆ ಬರೀ ಗೋಡೆಯನ್ನು ಬಾಡಿಗೆಗೆ ಕೊಡುವ ಪುಣ್ಯಾತ್ಮರು ನಮ್ಮ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಗೋಡೆಯ ಜೊತೆಗೆ ಹಂಚಿನ ಮಾಡು, ಬಾಗಿಲು, ಬಾವಿ, ಬಾವಿಯ ಹತ್ತಿರ ಜಗಳಕ್ಕೆ ಕಾಯುವ ನೆರೆಯವಳು, ಇಷ್ಟನ್ನೂ ಹುಡುಕಿಕೊಂಡು ನಾವಿಬ್ಬರೂ ಅಲೆಯಬೇಕಾಯಿತು. ಮನೆ ಅವರಿಗೆ, ಸವೆದದ್ದು ನನ್ನ ಚಪ್ಪಲಿ! ಈಗಲೂ ಎಲ್ಲಾದರೂ 'ಮನೆ ಬಾಡಿಗೆಗೆ ಉಂಟು' ಎಂಬ ಬೋರ್ಡು ಕಂಡರೆ ನನ್ನ ಮೊಣಕಾಲು ತಾನಾಗಿಯೇ ನೋಯತೊಡಗುತ್ತದೆ.

ಐವತ್ತರ ದಶಕದ ಕೊನೆಯ ವರ್ಷಗಳು. ಭಾವ ಎಂದರೆ ನನ್ನ ಅಕ್ಕನ ಗಂಡ. ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಊರೂರಿನ ಮಾಡಿಗೆ ಹಂಚು ಕಳಿಸುವ ಈ ಮನುಷ್ಯನಿಗೆ ತಲೆಯ ಮೇಲೆ ತನ್ನದೆನ್ನುವ ಹಂಚು ಒಂದೂ ಇರಲಿಲ್ಲ. ಯಾಕೆಂದರೆ ನಮ್ಮದು ಅಳಿಯಸಂತಾನ. ಮನೆ ಹೆಣ್ಣುಮಕ್ಕಳದ್ದು, ಮದುವೆಯಾದರೂ ಹೆಣ್ಣು ತಾಯಿಮನೆಯಲ್ಲೇ ಇರುವವಳು, ಗಂಡ ಬಂದು ಹೋಗುವವನು. ಅಕ್ಕ ಪುತ್ತಿಗೆಯ ನಮ್ಮ ಮನೆಯಲ್ಲಿ, ಭಾವ ಮಂಗಳೂರಿನಲ್ಲಿ ಹೋಟೆಲಿನ ಮೇಲಿನ ಒಂದು ಕೋಣೆಯಲ್ಲಿ, ಇನ್ನೂ ನಾಲ್ಕು ಜನರೊಂದಿಗೆ. ಅಲ್ಲಿ ಎಲ್ಲರ ಅಂಗಿಗೂ ಒಂದೇ ಹಗ್ಗ. ಬೆಳಿಗ್ಗೆ ಮೊದಲು ಎದ್ದವನಿಗೆ ಒಳ್ಳೆಯ ಅಂಗಿ!

ಶನಿವಾರ ಸಂಜೆ ಭಾವ ನಮ್ಮಲ್ಲಿಗೆ ಬಂದು ಅಂಗಿಯ ಗುಂಡಿಗೆ ಕೈ ಹಾಕಿದರೆ ಸಾಕು, ಅಮ್ಮ ಅಡಿಗೆಕೋಣೆಯಿಂದ ಕೂಗುತ್ತಿದ್ದಳು, “ಏ, ಭಾವನ ಅಂಗಿ ತೆಗೊಳ್ಳಾ! ನಿನಗೆ ಕಣ್ಣು ಕಾಣುದಿಲ್ವಾ?” ನಾನು ಓಡಿ ಹೋಗಿ, ಪ್ರಸಾದ ತೆಗೆದುಕೊಂಡ ಹಾಗೆ ಎರಡೂ ಕೈಯಲ್ಲಿ ಅಂಗಿ ತೆಗೆದುಕೊಂಡು, ಮಡಚಿ, ಪೆಟ್ಟಿಗೆಯಲ್ಲಿ ಇಡಬೇಕು. ಸೋಮವಾರ ಬೆಳಿಗ್ಗೆ ತೆಗೆದುಕೊಡಬೇಕು. ಮನೆಯ ಅಳಿಯನಿಗೆ ಅಷ್ಟು ಮರ್ಯಾದೆ! ಒಮ್ಮೆ ಭಾವ ಗೋಡೆ ನೋಡಿ, “ಇಲ್ಲೊಂದು ಗೂಟ ಇದ್ದಿದ್ದರೆ ನಾನೇ ನೇತುಹಾಕ್ತಿದ್ದೆ” ಎಂದರು. ನಮ್ಮ ಸೋದರಮಾವ, ಅಂದರೆ ಮನೆಯ ಯಜಮಾನರು, ಗಾಬರಿಯಾದರು. “ಛೆ ಛೆ, ನಿಮಗ್ಯಾಕೆ ತೊಂದರೆ? ನಾವೆಲ್ಲ ಇಲ್ವಾ?”

ಭಾವ ಹುಟ್ಟಿದ ಮನೆಯಲ್ಲಾದರೂ ಗೂಟ ಬಡಿಯಬಹುದಿತ್ತಲ್ಲ ಎನ್ನುತ್ತೀರಾ? ಅಲ್ಲಿ ಅವರ ತಂಗಿ ಹೇಳಿದಳಂತೆ, “ಗೋಡೆ ಹಾಳು ಮಾಡ್ಬೇಡ ಅಣ್ಣಾ, ನಾಳೆ ನನ್ನ ಮಕ್ಕಳಿಗೆ ಬೇಕು.”

ಅಲ್ಲಿಗೆ ಭಾವನ ತಲೆಯಲ್ಲಿ ಹುಳ ಹೊಕ್ಕಿತು. ಒಂದು ಹಲಸಿನ ತುಂಡು ತಂದು, ಕತ್ತಿಯಲ್ಲಿ ಕೆತ್ತಿ ಕೆತ್ತಿ ಮೂರು ಗೂಟ ಮಾಡಿಕೊಂಡರು. ಅವನ್ನು ಜೇಬಿನಲ್ಲಿ ಹಾಕಿಕೊಂಡು ಮಾವನ ಎದುರು ನಿಂತು, “ಬಾಡಿಗೆಗೆ ಮನೆ ಮಾಡ್ತೇನೆ. ಇವಳನ್ನು ಕರಕೊಂಡು ಹೋಗ್ತೇನೆ” ಎಂದರು.

ಅಮ್ಮ ಕೈಯಲ್ಲಿದ್ದ ಸೌಟು ಕೆಳಗೆ ಹಾಕಿದಳು. “ಸ್ವಂತ ಮನೆ ಇರುವ ಹೆಣ್ಣು ಬಾಡಿಗೆ ಮನೆಗೆ ಹೋಗುವುದಾ!”

ಮಾವ ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟರು. “ಆಟಿ ತಿಂಗಳ ಮೊದಲು ಮನೆ ಸಿಕ್ಕಿದರೆ ಕರಕೊಂಡು ಹೋಗಿ. ಸಿಗದಿದ್ದರೆ ಈ ಮಾತು ಇನ್ನು ಎತ್ತಬಾರದು.” ಆಟಿ ಎಂದರೆ ತುಳುನಾಡಿನ ಜಡಿಮಳೆಯ ತಿಂಗಳು, ಆಗ ನಮ್ಮವರು ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕುವುದಿಲ್ಲ. ಮಾವ ಬುದ್ಧಿವಂತರು, ಮಂಗಳೂರಿನ ಬಾಡಿಗೆ ಎಷ್ಟು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ನೋಡಿದರೆ ಅಕ್ಕ ಬಾವಿಗೆ ಹಾಕುವ ಹೊಸ ಹಗ್ಗ ಒಂದನ್ನು ಸುತ್ತಿ ತನ್ನ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದಳು!

ನಾನು ಭಾವನ ಜೊತೆ ಹೊರಟೆ. ಸುತ್ತಲಿನ ಮೂರು ತಾಲೂಕುಗಳಲ್ಲಿ ನನ್ನಷ್ಟು ಜನರ ಪರಿಚಯ ಇದ್ದವರು ಯಾರಿದ್ದರು? ನನ್ನಿಂದ ಚೇಷ್ಟೆಗೆ ಒಳಗಾಗದ ಮನೆಯೇ ಇರಲಿಲ್ಲ ಎಂದ ಮೇಲೆ!

ಮೊದಲು ಮಂಗಳೂರು. ನಮ್ಮ ಕೈಗೆಟಕುವ ಬಾಡಿಗೆಗೆ ಅಲ್ಲಿ ಸಿಕ್ಕಿದ್ದು ಒಂದೇ ಕೋಣೆ. ಕೋಣೆ ಎಂದರೆ, ಒಂದು ದೊಡ್ಡ ಕೋಣೆಯ ನಡುವೆ ತೆಳ್ಳನೆ ಹಲಗೆ ನಿಲ್ಲಿಸಿ ಎರಡು ಮಾಡಿದ್ದರಲ್ಲಿ ಸಣ್ಣದು. ಭಾವ ಜೇಬಿನಿಂದ ಗೂಟ ತೆಗೆದು ಹಲಗೆಯ ಸಂದಿಗೆ ಇಟ್ಟು ಮೆಲ್ಲ ಒತ್ತಿ ನೋಡಿದರು. ಸುಲಭವಾಗಿ ಹೋಯಿತು. ಆಚೆಯಿಂದ ಒಂದು ಗಂಡಸಿನ ದನಿ ಕೇಳಿತು. “ಇನ್ನೂ ಸ್ವಲ್ಪ ಒತ್ತಿ ಮಾರಾಯ್ರೆ, ನನ್ನ ಟೊಪ್ಪಿ ನೇತುಹಾಕ್ಲಿಕ್ಕೆ ಆಗ್ತದೆ!”

ಮಂಗಳೂರಿನ ಆಸೆ ಅಲ್ಲಿಗೆ ಬಿಟ್ಟೆವು. ಇನ್ನು ದಿನಾ ಬಸ್ಸಿನಲ್ಲಿ ಹೋಗಿಬರಲು ಆಗುವ ಊರುಗಳೇ ಗತಿ.

ಮೂಡುಬಿದಿರೆಯಲ್ಲಿ ಒಂದು ಮನೆ ನೋಡಿದೆವು. ಎಂಥ ಮನೆ! ಅಂಗಳ ಗುಡಿಸಿದ್ದು ನೋಡಿದರೆ ಅಲ್ಲೇ ಅನ್ನ ಬಡಿಸಿಕೊಂಡು ಉಣ್ಣಬೇಕು ಅನಿಸುತ್ತಿತ್ತು. ಒಡೆಯರು ಜೈನರು, ದೊಡ್ಡ ಮನುಷ್ಯರು. ಬಾಡಿಗೆಯೂ ಕಡಿಮೆ ಹೇಳಿದರು. ಒಂದೇ ಷರತ್ತು. “ಕತ್ತಲಾದ ಮೇಲೆ ಈ ಮನೆಯಲ್ಲಿ ಒಲೆ ಹಚ್ಚುವ ಕ್ರಮ ಇಲ್ಲ. ಊಟವೂ ಇಲ್ಲ.”

ಭಾವ ನನ್ನ ಮುಖ ನೋಡಿದರು. ಅವರ ಬಸ್ಸು ಮೂಡುಬಿದಿರೆ ಮುಟ್ಟುವುದೇ ದೀಪ ಹಚ್ಚಿದ ಮೇಲೆ.

“ಹಾಗಾದರೆ ನಾನು ರಾತ್ರಿ ಉಣ್ಣುವುದು ಯಾವಾಗ?” ಎಂದು ಕೇಳಿದರು.

ಒಡೆಯರು ಸ್ವಲ್ಪ ಯೋಚಿಸಿ, ತುಂಬ ಕರುಣೆಯಿಂದ ಹೇಳಿದರು, “ಬೆಳಿಗ್ಗೆ ಹೋಗುವಾಗ ಉಂಡು ಹೋಗಬಹುದಲ್ಲ?”

ಭಾವ ಅದಕ್ಕೂ ಒಪ್ಪುತ್ತಿದ್ದರೋ ಏನೋ, ಹಸಿವೆಗಿಂತ ದೊಡ್ಡ ಹುಚ್ಚು ಅವರದ್ದು! “ಗೋಡೆಗೆ ಗೂಟ ಬಡಿಯಬಹುದಾ?” ಎಂದರು. ಒಡೆಯರು ಗೋಡೆಯನ್ನು ಸವರಿದರು. “ಬಡಿಯುವುದು ಬೇಡ. ಒಳಗೆ ಇರುವೆಯೋ ಜೇಡವೋ ಸಂಸಾರ ಮಾಡಿಕೊಂಡಿದ್ದರೆ?” ಇರುವೆಗೂ ಮನೆ ಉಂಟು, ನನ್ನ ಭಾವನಿಗಿಲ್ಲ!

ಪೊಳಲಿಯ ಹತ್ತಿರ ಒಂದು ಮನೆಯ ಸುದ್ದಿ ಬಂತು. ಆ ಒಡೆಯ ಗಂಭೀರ ಮನುಷ್ಯ, ನಗುವುದೇ ನಷ್ಟ ಎಂದುಕೊಂಡವನು. ಹೊರಡುವ ಮೊದಲು ನಾನು ಭಾವನ ಜೇಬಿನಿಂದ ಗೂಟ ತೆಗೆದು, ಅಷ್ಟೇ ಉದ್ದದ ಮೂರು ನುಗ್ಗೆಕಾಯಿಯ ತುಂಡು ಹಾಕಿದ್ದೆ. ದಿನಾ ನಡೆದು ನಡೆದು ಸಾಕಾಗಿದ್ದ ಜೀವ, ಅಷ್ಟಾದರೂ ಬೇಡವಾ ನನಗೆ? ಭಾವ ಗೋಡೆಯ ಎದುರು ನಿಂತು, ಗಂಟಲು ಸರಿಮಾಡಿಕೊಂಡು, “ನಾನು ಈ ಗೂಟಗಳನ್ನು ಇಲ್ಲಿ...” ಎಂದು ಜೇಬಿನಿಂದ ನುಗ್ಗೆ ತೆಗೆದರು. ಒಡೆಯ ನೋಡಿದ. ಭಾವ ನೋಡಿದರು. “ಇದು ಹುಳಿಗೆ ಹಾಕುವುದಲ್ವಾ?” ಎಂದ ಒಡೆಯ, ನಮ್ಮನ್ನು ಹೊರಗೆ ಬಿಟ್ಟು ಬೀಗ ಹಾಕಿದ.

ಭಾವ ನನ್ನನ್ನು ಬೈಯಲಿಲ್ಲ. ನುಗ್ಗೆಯನ್ನು ಹಿಂದೆ ಜೇಬಿಗೆ ಹಾಕಿಕೊಂಡು, “ಇರಲಿ, ನನ್ನ ಕಾಲ ಬರ್ತದೆ” ಎಂದರು. ಅಷ್ಟೆ.

ಇನ್ನು ಬೆಳ್ತಂಗಡಿ. ಇದರಲ್ಲಿ ನನ್ನ ಸ್ವಾರ್ಥವೂ ಇತ್ತೆಂದು ಹೇಳಿಬಿಡುತ್ತೇನೆ. ಈ ಅಲೆದಾಟದ ನಡುವೆಯೇ ನನಗೂ ಮದುವೆಯಾಗಿತ್ತು. ಹೆಂಡತಿಯ ಮನೆ ಚಾರ್ಮಾಡಿಯ ಕಡೆ. ಭಾವನಿಗೆ ಮನೆ ಹುಡುಕುವ ನೆಪದಲ್ಲಿ ಹೆಂಡತಿಯ ಮುಖ ನೋಡಬಹುದಲ್ಲ! ಮಂಗಳೂರಿನಿಂದ ಬೆಳ್ತಂಗಡಿಯ ಬಸ್ಸು ಹಿಡಿದೆವು. ಬಂಟ್ವಾಳದಲ್ಲಿ ಡ್ರೈವರ್ ಚಾ ಕುಡಿದ. ಪುಂಜಾಲಕಟ್ಟೆಯಲ್ಲಿ ಬಸ್ಸು ನೀರು ಕುಡಿಯಿತು. ಮಡಂತ್ಯಾರಿನಲ್ಲಿ ಕಂಡಕ್ಟರನ ಅತ್ತೆ ಸಿಕ್ಕಿದರು. ಬೆಳ್ತಂಗಡಿಯಲ್ಲಿ ಇಳಿದಾಗ ಭಾವ ಬೆನ್ನು ಹಿಡಿದುಕೊಂಡು ಹೇಳಿದರು, “ಇಲ್ಲಿ ಮನೆ ಮಾಡಿದರೆ, ನಾನು ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಅದೇ ಬಸ್ಸಿನಲ್ಲಿ ಹಿಂದೆ ಹೋಗ್ಬೇಕಾದೀತು.”

“ಆದರೂ ಬಂದಾಯಿತಲ್ಲ ಭಾವ, ನಮ್ಮ ಮನೆಗೆ ಹೋಗುವ” ಎಂದೆ. 'ನಮ್ಮ ಮನೆ' ಎಂಬ ಮಾತು ನನ್ನ ಬಾಯಿಯಲ್ಲಿ ಎಷ್ಟು ಜೋರಾಗಿ ಬಂತು ಗೊತ್ತಾ!

ಹೆಂಡತಿಯ ಮನೆಯ ಜಗಲಿ ಹತ್ತಿ ಸೆಕೆಗೆ ಇಬ್ಬರೂ ಅಂಗಿ ಬಿಚ್ಚಿದೆವು. ಒಳಗಿಂದ ನನ್ನ ಅತ್ತೆಯ ದನಿ: “ಏ, ಭಾವಂದಿರ ಅಂಗಿ ತೆಗೊಳ್ಳಾ!” ನನ್ನ ಹೆಂಡತಿಯ ತಮ್ಮ ಓಡಿ ಬಂದು, ಎರಡೂ ಕೈಯಲ್ಲಿ ನಮ್ಮ ಅಂಗಿಗಳನ್ನು ತೆಗೆದುಕೊಂಡು ಒಳಗೆ ಹೋದ. ಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದು ಕೇಳಿತು.

ಜಗಲಿಯಲ್ಲಿ ಇಬ್ಬರು ಅಳಿಯಂದಿರು ಬರಿಮೈಯಲ್ಲಿ ಕೂತಿದ್ದೆವು. ನಾನು ಗೋಡೆ ನೋಡಿದೆ. ಒಂದು ಗೂಟವೂ ಇರಲಿಲ್ಲ. ಭಾವ ನನ್ನನ್ನೇ ನೋಡುತ್ತಿದ್ದರು.

“ಏನು ಭಾವ?” ಎಂದೆ.

“ಏನಿಲ್ಲ ಮಾರಾಯ. ಮಜ್ಜಿಗೆ ಕುಡಿ” ಎಂದರು.

ಮಳೆ ಹಿಡಿಯಿತು. ಆಟಿ ಹತ್ತಿರ ಬಂತು. ಮಾವ ದಿನಕ್ಕೊಮ್ಮೆ ಪಂಚಾಂಗ ತೆರೆದು, ನೋಡಿ, ಮುಚ್ಚಿ, ನಗದೆಯೇ ನಗುತ್ತಿದ್ದರು. ಶನಿವಾರ ಭಾವ ಬಂದಾಗ ಅಕ್ಕ ಬಾಗಿಲ ಹಿಂದೆ ನಿಂತು “ಸಿಕ್ಕಿತಾ?” ಎಂದು ಕೇಳುವುದನ್ನೂ ಬಿಟ್ಟಳು. ಭಾವನ ಕಣ್ಣು ಗುಳಿ ಬಿದ್ದಿತ್ತು. ನನಗೂ ಚೇಷ್ಟೆಗೆ ಶಕ್ತಿ ಉಳಿದಿರಲಿಲ್ಲ ಎಂದರೆ ನೀವೇ ಲೆಕ್ಕ ಹಾಕಿ!

ಕೊನೆಗೆ ಬಂಟ್ವಾಳದ ಪೇಟೆಯಲ್ಲಿ, ನೇತ್ರಾವತಿಯ ದಂಡೆಯ ಹತ್ತಿರ, ಯಾರೂ ಬೇಡವೆಂದು ಬಿಟ್ಟ ಒಂದು ಎರಡು ಕೋಣೆಯ ಮನೆ. ಬಾಡಿಗೆ ಅಷ್ಟು ಕಡಿಮೆ ಯಾಕೆಂದು ಕೇಳಬೇಕಾಗಿಯೇ ಇರಲಿಲ್ಲ. ಒಳಗೆ ಗೋಡೆಯ ಸುತ್ತ, ನನ್ನ ತಲೆಗಿಂತ ಸ್ವಲ್ಪ ಮೇಲೆ, ಕೆಸರಿನ ಒಂದು ಗೆರೆ. ಹೊಳೆ ಬಂದು ನಿಂತು ಹೋದ ಗುರುತು.

ಒಡತಿ ಒಬ್ಬ ಮುದುಕಿ. “ಸುಳ್ಳು ಯಾಕೆ ಹೇಳುವುದು? ನೆರೆ ಬರ್ತದೆ. ಬಂದಾಗ ನನ್ನ ಮಾಳಿಗೆಗೆ ಬನ್ನಿ, ಗಂಜಿ ಕೊಡ್ತೇನೆ” ಎಂದಳು.

ನಾನು ಭಾವನ ಕೈ ಎಳೆದೆ. “ಹೋಗುವ ಭಾವ. ಇದು ಮನೆಯಲ್ಲ, ಹೊಳೆಯ ಬಿಡಾರ!”

ಭಾವ ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿದರು. ಒಳ್ಳೆಯ ಕೆಂಪು ಮುರಕಲ್ಲು, ಠಣ್ ಎಂದಿತು. “ಇಷ್ಟು ನೀರು ಬಂದು ಹೋಗಿಯೂ ನಿಂತಿದೆ. ಒಂದು ಗೂಟ ತಡೆಯುದಿಲ್ವಾ?” ಎಂದು ಮುದುಕಿಯ ಕಡೆ ತಿರುಗಿದರು. “ಅಮ್ಮಾ, ಗೂಟ ಬಡಿಯಬಹುದಾ?”

“ಅಯ್ಯೋ ಮಗಾ, ಅದನ್ನೂ ಕೇಳಬೇಕಾ? ನೀನಿರುವ ಮನೆ!” ಎಂದಳು ಮುದುಕಿ.

ಭಾವ ಮುಖ ಆಚೆ ತಿರುಗಿಸಿಕೊಂಡರು.

ಆಟಿಗೆ ಇನ್ನೂ ನಾಲ್ಕು ದಿನ ಇರುವಾಗ, ಜಡಿಮಳೆಯಲ್ಲಿ, ಅಕ್ಕನ ಪೆಟ್ಟಿಗೆ ನನ್ನ ತಲೆಯ ಮೇಲೆ ಬಂಟ್ವಾಳಕ್ಕೆ ಬಂತು. ಅಮ್ಮ ಬೈಯುತ್ತಲೇ ಒಂದು ಚೀಲ ಕುಚ್ಚಲಕ್ಕಿ ಕಟ್ಟಿಕೊಟ್ಟಿದ್ದಳು. ನಾನು ಮುಟ್ಟುವಾಗ ಭಾವ ಮುದುಕಿಯ ಸ್ಟೂಲು ಹತ್ತಿ, ಕೆಸರಿನ ಗೆರೆಗಿಂತ ಒಂದು ಮೊಳ ಮೇಲೆ ಎರಡು ಗೂಟ ಬಡಿದಾಗಿತ್ತು. ಒಂದರಲ್ಲಿ ಅವರ ಅಂಗಿ. ಇನ್ನೊಂದರಲ್ಲಿ, ಮೊದಲೇ ಬಂದಿದ್ದ ಅಕ್ಕ ಪೆಟ್ಟಿಗೆಯಿಂದ ತೆಗೆದು ಕೈಯಲ್ಲೇ ತಂದಿದ್ದ ಹೊಸ ಹಗ್ಗ. ಬಾವಿಗೆ ಹಾಕುವ ಮೊದಲು ಒಂದು ದಿನ ಅಲ್ಲಿರಲಿ ಎಂದಳಂತೆ. ಮೂರನೆಯದು ಮಾತ್ರ ಗೆರೆಗಿಂತ ಕೆಳಗೆ ಇತ್ತು.

“ಇದು ಯಾರಿಗೆ ಭಾವ? ಹುಟ್ಟುವವನಿಗಾ?” ಎಂದು ಕಣ್ಣು ಹೊಡೆದೆ.

“ನಿನಗೆ” ಎಂದರು ಭಾವ. “ನೀನು ಕುಳ್ಳ ಅಲ್ವಾ? ಮೇಲೆ ಬಡಿದರೆ ನಿನಗೆ ಎಟಕುದಿಲ್ಲ. ನೆರೆ ಬಂದರೆ ನಿನ್ನ ಅಂಗಿ ಒಂದೇ ಒದ್ದೆಯಾಗ್ಲಿ. ನುಗ್ಗೆಗೆ ನುಗ್ಗೆ!”

ಅಕ್ಕ ಒಲೆಯ ಹತ್ತಿರ ಮುಖ ಮುಚ್ಚಿಕೊಂಡು ನಕ್ಕಳು. ನಾನು ತಿರುಗಿ ಏನಾದರೂ ಹೇಳಬೇಕಿತ್ತು. ನಾನು, ಮೂರು ತಾಲೂಕಿನ ಬಾಯಿ ಮುಚ್ಚಿಸಿದವನು! ಆದರೆ ಚಾರ್ಮಾಡಿಯ ಕಡೆಯ ಜಗಲಿ ನೆನಪಾಯಿತು, ಪೆಟ್ಟಿಗೆಯ ಮುಚ್ಚಳದ ಸದ್ದು ನೆನಪಾಯಿತು. ಆ ಗೂಟಗಳನ್ನು ಕೆತ್ತುವಾಗ ನನಗೆ ಮದುವೆಯೇ ಆಗಿರಲಿಲ್ಲ. ಆದರೂ ಆಗಲೇ ಮೂರು ಕೆತ್ತಿದ್ದರು.

ಒದ್ದೆಯಾದ ಅಂಗಿ ಬಿಚ್ಚಿದೆ. ಅಭ್ಯಾಸಬಲದಿಂದ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಅಕ್ಕ ಗಂಜಿಗೆ ಉಪ್ಪು ಹಾಕುತ್ತಿದ್ದಳು. ಭಾವ ಸ್ಟೂಲು ಹಿಂದೆ ಕೊಡಲು ಹೋದರು. ಅಂಗಿ ತೆಗೆದುಕೊಳ್ಳಲು ಯಾರೂ ಬರಲಿಲ್ಲ.

ನಾನೇ ನೇತುಹಾಕಿದೆ.